ಕೆಂಪು ದಾರ ಕಟ್ಟಿದ ಆಯಿಲ್ ಫಿಲ್ಟರ್

ಕಾರಿನ ಆಯಿಲ್ ಫಿಲ್ಟರ್ ಆರಿಸುವುದನ್ನು ನನಗೆ ಕಲಿಸಿದವರು ನನ್ನ ತಂದೆ, ಡ್ರೈವಿಂಗ್ ಕಲಿಸಿದ ರಜೆಯಲ್ಲೇ. ಕಾನ್ವೆಂಟಿನ ಸಿಸ್ಟರ್ಸ್ ನ್ಯಾಪ್‌ಕಿನ್ ಮಡಿಸುವುದನ್ನೂ ಪಿಯಾನೋ ಮೇಲೆ ಚರ್ಚಿನ ಹಿಮ್ಸ್ ಹಾಡುಗಳನ್ನು ನುಡಿಸುವುದನ್ನೂ ಕಲಿಸಿದ್ದರು. ಎಪ್ಪತ್ತರ ದಶಕದಲ್ಲಿ ಅಜ್ಜಂಪುರಕ್ಕೆ ಸೊಸೆಯಾಗಿ ಬಂದ ಮೇಲೆ ಅವೆರಡೂ ಉಪಯೋಗಕ್ಕೆ ಬರಲಿಲ್ಲ, ತಂದೆ ಕಲಿಸಿದ್ದು ಬಂತು. ನನ್ನ ಗಂಡ ಲಕ್ಕವಳ್ಳಿ ಡ್ಯಾಮಿನ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಮಾವನವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಹಾಗಾಗಿ ಮನೆಯ ಅಂಬಾಸಿಡರ್ ನನ್ನ ಕೈಗೆ ಬಂತು.

ನಮ್ಮದು ಕಡಲೆಕಾಯಿ ಎಣ್ಣೆಯ ಮಿಲ್ಲು. ಮಾವನವರ ಎಣ್ಣೆಯಲ್ಲಿ ಕಲಬೆರಕೆ ಇಲ್ಲ ಎಂಬುದು ಕಡೂರು, ತರೀಕೆರೆವರೆಗೂ ಗೊತ್ತಿದ್ದ ಮಾತು. ಅವರು ಯಾವ ಮಾಲನ್ನಾದರೂ ನೋಡಿ ಕೆಟ್ಟದ್ದು ಎಂದರೆ ಜನ ಎರಡನೆಯವರನ್ನು ಕೇಳುತ್ತಿರಲಿಲ್ಲ. ಮಿಲ್ಲಿನಲ್ಲಿ ಎಣ್ಣೆ ಸೋಸುವುದಕ್ಕೆ ದಪ್ಪ ಕೋರಾ ಬಟ್ಟೆಗಳಿದ್ದವು. ಅವುಗಳ ಉಸ್ತುವಾರಿ ಅತ್ತೆಯದು. ಕುದಿಯುವ ನೀರು, ಸೀಗೆಪುಡಿ ಹಾಕಿ ತೊಳೆದು, ಒಣಗಿದ ಬಟ್ಟೆಯ ಮೂಲೆಗೆ ಒಂದು ಕೆಂಪು ದಾರ ಕಟ್ಟುತ್ತಿದ್ದರು. ತುದಿಯಲ್ಲಿ ಎರಡು ಎಳೆ ಬಿಟ್ಟು ಹಾಕುವ ಆ ಗಂಟು ಬೇರೆಯವರ ಕೈಗೆ ಬರುತ್ತಿರಲಿಲ್ಲ. ಕೆಂಪು ದಾರ ಕಾಣದ ಬಟ್ಟೆಯನ್ನು ಆಳುಗಳು ಯಂತ್ರಕ್ಕೆ ಹಾಕುತ್ತಿರಲಿಲ್ಲ. ಹರಿದು ಚಿಂದಿಯಾಗುವ ತನಕ ಅವನ್ನು ಯಾರೂ ಎಸೆಯುತ್ತಲೂ ಇರಲಿಲ್ಲ.

ಕಡೂರಿನ ಬಸ್ ಸ್ಟ್ಯಾಂಡ್ ಹತ್ತಿರ ಆಗಷ್ಟೇ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ ಆಗಿತ್ತು. ಇಟ್ಟವರು ಮೊದಲು ಬಸ್ ಓಡಿಸುತ್ತಿದ್ದವರು. ಕಾಲಿಗೆ ಪೆಟ್ಟಾಗಿ ಸ್ಟಿಯರಿಂಗ್ ಬಿಟ್ಟು ಕೌಂಟರಿನ ಹಿಂದೆ ಕೂತಿದ್ದರು. ನಾನು ಫಿಲ್ಟರ್ ಕೇಳಿದಾಗ ಅವರು ನಗಲಿಲ್ಲ, ಇದ್ದ ಪೆಟ್ಟಿಗೆಗಳನ್ನೆಲ್ಲ ಮುಂದಿಟ್ಟರು. ತಂದೆ ಹೇಳಿಕೊಟ್ಟಂತೆ ಒಂದೊಂದನ್ನೇ ಬೆಳಕಿಗೆ ಹಿಡಿದೆ. ಕಾಗದದ ನೆರಿಗೆಗಳು ಸಮವಾಗಿವೆಯೇ, ತಗಡಿನ ಅಂಚಿಗೆ ಗೋಂದು ಪೂರ್ತಿ ಕಚ್ಚಿದೆಯೇ, ರಬ್ಬರ್ ರಿಂಗಿಗೆ ಉಗುರು ಒತ್ತಿದರೆ ಗುರುತು ಬಿದ್ದು ಮತ್ತೆ ಮಾಯವಾಗುತ್ತದೆಯೇ ಎಂದು ನೋಡಿದೆ. ಬಾಗಿಲಲ್ಲಿ ನಿಂತಿದ್ದ ಲಾರಿಯವನೊಬ್ಬ, ಅಮ್ಮಾವ್ರು ಸೀರೆ ಆರಿಸ್ದಂಗೆ ಆರಿಸ್ತಾವ್ರೆ ಅಂದ.

"ಆರಿಸ್ಲಿ ಬಿಡೋ. ಸೀರೆ ಹರಿದ್ರೆ ಹೊಲಿಬೋದು, ಇಂಜಿನ್ ಸೀಜಾಗಿ ನಿಂತ್ರೆ ನೀನ್ ಬಂದು ತಳ್ತೀಯಾ?" ಎಂದರು ಅಂಗಡಿಯವರು.

ಆರಿಸಿ ತಂದ ಫಿಲ್ಟರನ್ನು ಮನೆಯಲ್ಲಿ ಎಲ್ಲರಿಗೂ ತೋರಿಸಿ, ಪೆಟ್ಟಿಗೆಯಲ್ಲೇ ಕಾರಿನ ಷೆಡ್ಡಿನ ಗೂಡಿನಲ್ಲಿಟ್ಟೆ. ಅತ್ತೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದು ನೆನಪಿದೆ. ಕಾರಿಗೆ ಆಯಿಲ್ ಬದಲಾಯಿಸುವ ಕೆಲಸವನ್ನು ಮಾವನವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಎಣ್ಣೆಯ ವಿಷಯ ನನಗೆ ಹೇಳಬೇಡಿ ಎನ್ನುವರು. ಕನ್ನಡಕ ಹಾಕಿಕೊಳ್ಳಲು ಅವರಿಗೆ ಸಂಕೋಚ. ಆ ಸಲವೂ ಷೆಡ್ಡಿನ ಮಬ್ಬಿನಲ್ಲಿ ಪೆಟ್ಟಿಗೆ ಬಿಚ್ಚಿ, ಒಳಗಿದ್ದುದನ್ನು ಕೂರಿಸಿ, ಬೋಲ್ಟು ಬಿಗಿದರು.

ಕೆಲವು ದಿನಗಳ ಮೇಲೆ ಮಾವನವರೂ ನಾನೂ ತರೀಕೆರೆಗೆ ಹೊರಟಿದ್ದಾಗ ಆಯಿಲ್ ಪ್ರೆಷರಿನ ಕೆಂಪು ದೀಪ ಹೊತ್ತಿಕೊಂಡಿತು. ತಕ್ಷಣ ಇಂಜಿನ್ ಆಫ್ ಮಾಡಿದೆ. ಕಾರನ್ನು ಲಾರಿಗೆ ಕಟ್ಟಿ ತರೀಕೆರೆಯ ಗ್ಯಾರೇಜಿಗೆ ಎಳೆಸಿದೆವು. ಬಿಚ್ಚಿ ನೋಡಿದರೆ ಫಿಲ್ಟರಿನ ಕಾಗದ ನೆನೆದ ಹಪ್ಪಳದ ಹಾಗೆ ಮುದುಡಿ, ಚೂರುಚೂರಾಗಿ ಎಣ್ಣೆಯ ದಾರಿಗೆ ಸಿಕ್ಕಿಕೊಂಡಿತ್ತು. ಮಾವನವರು ಅದನ್ನು ಪೇಪರಿನಲ್ಲಿ ಸುತ್ತಿಸಿ, ನನ್ನನ್ನೂ ಕರೆದುಕೊಂಡು ಕಡೂರಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ನನಗೆ ನನ್ನ ಆಯ್ಕೆಯದೇ ನಾಚಿಕೆ. ಅಷ್ಟು ಬಿಗುಮಾನದಿಂದ ಬೆಳಕಿಗೆ ಹಿಡಿದು ಆರಿಸಿದ್ದೆನಲ್ಲ.

ಅಂಗಡಿಯಲ್ಲಿ ಜನ ಇದ್ದರು. ಮಾವನವರು ಪೇಪರ್ ಬಿಚ್ಚಿ ಫಿಲ್ಟರನ್ನು ಕೌಂಟರಿನ ಮೇಲಿಟ್ಟರು.

"ಏನಪ್ಪಾ, ಕಲಬೆರಕೆ ಮಾಲು ಮಾರೋಕೇ ಅಂಗಡಿ ಹಾಕಿದೀಯಾ?"

ದನಿ ಏರಿಸಿರಲಿಲ್ಲ. ಏರಿಸುವ ಅಗತ್ಯವೂ ಇರಲಿಲ್ಲ. ಕೈಯಲ್ಲಿ ಫ್ಯಾನ್ ಬೆಲ್ಟ್ ಹಿಡಿದು ನಿಂತಿದ್ದವನೊಬ್ಬ ಅದನ್ನು ಮೆಲ್ಲಗೆ ಕೆಳಗಿಟ್ಟ. ಅಜ್ಜಂಪುರದ ಯಜಮಾನ್ರೇ ಅಂದ್ಮೇಲೆ ಮುಗೀತು, ಬೀರೂರಲ್ಲೇ ತಗಳಣ ನಡಿ ಎಂದು ಜೊತೆಯವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಅಂಗಡಿಯವರು ಕುಂಟುತ್ತ ಎದ್ದು ನಿಂತರು. ಅಮ್ಮಾವ್ರೇ ನೋಡಿ ತಗಂಡ್ ಹೋಗಿದ್ರಲ್ಲ ಎಂದು ನನ್ನ ಕಡೆ ನೋಡಿದರು. ಮಾವನವರ ಆ ಒಂದು ಮಾತು ಬಸ್ ಸ್ಟ್ಯಾಂಡ್ ದಾಟಿದರೆ ಆ ಅಂಗಡಿಯ ಬಾಗಿಲು ಮತ್ತೆ ತೆರೆಯುವುದಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ನಾನು ಫಿಲ್ಟರನ್ನು ಎತ್ತಿಕೊಂಡೆ. ನಡುವಿನ ತೂತುತೂತಾದ ತಗಡಿನ ಕೊಳವೆಗೆ ಏನೋ ಕಪ್ಪಗೆ ಸುತ್ತಿಕೊಂಡಿತ್ತು. ಸೆರಗಿನ ತುದಿಯಿಂದ ಒರೆಸಿದೆ. ಕೆಂಪು ದಾರ. ಗಂಟಿನ ತುದಿಯಲ್ಲಿ ಎರಡು ಎಳೆ.

ನಾನು ಆರಿಸಿ ತಂದದ್ದು ಇದಲ್ಲ. ಹಿಂದಿನ ಸಲ ಬಿಚ್ಚಿದ್ದ, ಎಸೆಯಬೇಕಿದ್ದ ಹಳೆಯ ಫಿಲ್ಟರ್ ಇದು. ಎಣ್ಣೆ ಸೋಸುವ ವಸ್ತುವಲ್ಲವೇ, ಅತ್ತೆ ತೊಳೆದು, ಒಣಗಿಸಿ, ದಾರ ಕಟ್ಟಿ, ಹೊಸದರ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಹೇಳಿದರೆ ಅತ್ತೆಯ ಮಾನ ಅಷ್ಟು ಗಂಡಸರ ಮುಂದೆ ಕೌಂಟರಿನ ಮೇಲೆ. ಹೇಳದಿದ್ದರೆ ಆ ಮನುಷ್ಯನ ಅನ್ನ. ಇಂಗ್ಲಿಷಿನಲ್ಲಾದರೆ ಯಾರಿಗೂ ತಿಳಿಯದಂತೆ ಹೇಳಬಹುದಿತ್ತೇನೋ, ಆದರೆ ಮಾವನವರಿಗೂ ತಿಳಿಯುತ್ತಿರಲಿಲ್ಲ.

"ಮಾವ, ಇದು ನಮ್ಮನೇದು. ದಾರ ನೋಡಿ" ಎಂದೆ.

ಅವರು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಕಿವಿಯವರೆಗೂ ಕೆಂಪಾದರು. ಅಂಗಡಿಯವರಿಗೆ ಅರ್ಧ ಅರ್ಥವಾಗಿರಬೇಕು, ಮನೇಲಿ ಅದ್ಲುಬದ್ಲಾಗಿರ್ಬೋದು ಬಿಡಿ ಯಜಮಾನ್ರೇ ಎಂದು ಮಾತು ಮುಗಿಸಲು ನೋಡಿದರು. ಮಾವನವರು ಬಿಡಲಿಲ್ಲ. ಬೀರೂರಿಗೆ ಹೊರಟಿದ್ದವರ ಕಡೆ ತಿರುಗಿದರು.

"ಕೇಳ್ರಪ್ಪಾ. ಮಾಲು ಇವನದಲ್ಲ. ನಮ್ಮನೇಲಿ ತೊಳೆದಿಟ್ಟಿದ್ದ ಹಳೇದನ್ನ ನಾನೇ ಹಾಕಿದ್ದು."

ಯಾರೋ ತಡೆಯಲಾರದೆ ಕಿಸಕ್ಕೆಂದರು. ಆಯಿಲ್ ಫಿಲ್ಟರ್ ತೊಳೆದರಂತೆ, ಸೀಗೆಕಾಯಿ ಹಾಕಿಯೇ ಇರಬೇಕು ಎಂದು ಹಿಂದಿನಿಂದ ಒಬ್ಬರು. ಮಾವನವರು ನನಗೆ ಇನ್ನೊಂದು ಆರಿಸಲು ಹೇಳಿದರು. ನಾನು ನೆರಿಗೆ ನೋಡಲಿಲ್ಲ, ರಬ್ಬರ್ ಒತ್ತಲಿಲ್ಲ, ಕೈಗೆ ಸಿಕ್ಕ ಪೆಟ್ಟಿಗೆ ಎತ್ತಿಕೊಂಡೆ. ಅಂಗಡಿಯವರೇ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ ಕೊಟ್ಟರು.

ಮನೆಯಲ್ಲಿ ಮಾವನವರು ಅತ್ತೆಗೆ ಇದನ್ನು ಹೇಳಲಿಲ್ಲ. ಆದರೆ ಮಿಲ್ಲಿಗೆ ಬಂದ ಕಡಲೆಕಾಯಿ ಗಾಡಿಯ ಜೊತೆ ಸುದ್ದಿಯೂ ಬಂತು. ಅತ್ತೆ ತಮ್ಮ ಬೀರು ತೆಗೆದು, ರೇಷ್ಮೆ ಸೀರೆಯ ಕೆಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹೊಸ ಫಿಲ್ಟರನ್ನು ತಂದು ನನ್ನ ಮುಂದಿಟ್ಟರು.

"ಇಷ್ಟು ಚೆಂದಾಗೈತಲ್ಲಾ, ಆಮೇಲೆ ಬೇಕಾಗ್ತೈತೆ ಅಂತ ಎತ್ತಿಟ್ಟಿದ್ದೆ ಕಣೇ" ಎಂದರು. ಬಿಳಿ ಬಟ್ಟೆಯನ್ನು ಮಡಿಸುತ್ತ, "ಅಷ್ಟು ಜನದ ಮುಂದೆ ನನ್ನ ದಾರಾನೇ ತೋರಿಸ್ಬೇಕಿತ್ತಾ?"

ತೋರಿಸಲೇಬೇಕಿತ್ತು. ಇವತ್ತಿಗೂ ನನಗೆ ಆ ಬಗ್ಗೆ ಡೌಟ್ ಇಲ್ಲ. ಆದರೂ ಅವರ ಮುಂದೆ ಚಿಕ್ಕ ಹುಡುಗಿಯಂತೆ ತಲೆ ತಗ್ಗಿಸಿ ನಿಂತೆ. ಎಂಬ್ಯಾರಸ್‌ಮೆಂಟ್ ಎನ್ನುವ ಪದ ಅದಕ್ಕೆ ಸಾಲುವುದಿಲ್ಲ.

ಆ ಅಂಗಡಿ ಎಂಬತ್ತರ ದಶಕದಲ್ಲಿ ಪಕ್ಕದ ಮಳಿಗೆಯನ್ನೂ ಸೇರಿಸಿಕೊಂಡು ದೊಡ್ಡದಾಯಿತು. ಅಂಗಡಿಯವರು ನಮ್ಮ ಕಾರು ಕಂಡರೆ ಎದ್ದು ಕೈಮುಗಿಯುತ್ತಿದ್ದರು. ಅತ್ತೆಯನ್ನು ಆಸ್ಪತ್ರೆಗೋ ನೆಂಟರ ಮನೆಗೋ ಕರೆದೊಯ್ಯುವಾಗ ಕಡೂರಿನ ಬಸ್ ಸ್ಟ್ಯಾಂಡ್ ಹತ್ತಿರವಾಯಿತೆಂದರೆ ಅವರು ಹಿಂದಿನ ಸೀಟಿನಲ್ಲಿ ಬಗ್ಗಿ, ಕಾಲಬುಡದಲ್ಲಿ ಏನೋ ಬೀಳಿಸಿಕೊಂಡವರಂತೆ ಹುಡುಕತೊಡಗುತ್ತಿದ್ದರು. ಕನ್ನಡಿಯಲ್ಲಿ ಖಾಲಿ ಸೀಟು ಮಾತ್ರ ಕಾಣುತ್ತಿತ್ತು. ಏನು ಬಿತ್ತು ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಆಕ್ಸಿಲರೇಟರ್ ಒತ್ತುತ್ತಿದ್ದೆ. ಅಂಗಡಿ ದಾಟಿದ ಮೇಲೆ, ಮೆಲ್ಲಗೆ, ಅವರ ನರೆತ ತಲೆ ಕನ್ನಡಿಯೊಳಗೆ ಮತ್ತೆ ಏಳುತ್ತಿತ್ತು.