ಎದುರು ಜಗಲಿಗೆ ಒಲಿದ ಚೆನ್ನಪ್ಪ

ನಿಮ್ಮ ಮನೆಯ ಪತ್ರಿಕೆಯನ್ನು ಕೊಳಾಯಿಯ ಕೆಸರಿಗೆ ಎಸೆದು, ಮರುಗಳಿಗೆಯಲ್ಲೇ ಎದುರುಮನೆಯವರ ಪತ್ರಿಕೆಯನ್ನು ಎರಡೂ ಕೈಯಿಂದ ಪ್ರಸಾದದಂತೆ ಕೊಡುವ ಮನುಷ್ಯನ ಮೇಲೆ ನಿಮಗೆ ಪ್ರೀತಿ ಹುಟ್ಟೀತೆ? ನನಗೆ ಹುಟ್ಟಿತು. ಆದರೆ ಆ ಪ್ರೀತಿಯ ಜೊತೆಗೇ ಹುಟ್ಟಿದ ಹೊಟ್ಟೆಯುರಿ ಇಂದಿಗೂ ಆರಿಲ್ಲ.

ಚೆನ್ನಪ್ಪ ವರುಣ ಎಂಬ ಹಳ್ಳಿಯ ಕಡೆಯ ಒಕ್ಕಲು ಮನೆತನದವರು. ಲಕ್ಷ್ಮೀಪುರದ ನಮ್ಮ ಬೀದಿಗೆ ಪತ್ರಿಕೆ ಹಾಕುತ್ತಿದ್ದರು. ಸೈಕಲ್ಲಿಗೆ ಗಂಟೆಯಿರಲಿಲ್ಲ, ಅವರ ಕಂಠವೇ ಆ ಕೆಲಸ ಮಾಡುತ್ತಿತ್ತು. ಪತ್ರಿಕೆಯನ್ನು ಕೋಲಿನಂತೆ ಬಿಗಿಯಾಗಿ ಸುತ್ತಿ, ಸೈಕಲ್ಲಿನಿಂದ ಇಳಿಯದೆಯೇ ಬೀಸುವರು. ಓದುಬರಹ ಬಾರದು. ಆದರೂ ಸುದ್ದಿಯೆಂದರೆ ಪ್ರಾಣ.

ಸ್ವರಾಜ್ಯ ಬಂದ ಹೊಸತು. ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದ್ದ ನಾನು, ಅಕ್ಷರ ಬಾರದ ಪ್ರಜೆಗೂ ದೇಶದ ಆಗುಹೋಗು ತಿಳಿಯಬೇಕೆಂದು ಪ್ರತಿದಿನ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಪತ್ರಿಕೆ ಓದಿ ಹೇಳುವ ವ್ರತ ಹಿಡಿದಿದ್ದೆ. ಜಟಕಾದವರು, ಹೂವಿನವರು, ಹಾಲಿನ ಸಾಕಮ್ಮ ಬಂದು ಕೂರುತ್ತಿದ್ದರು. ಆದರೆ ನನ್ನ ಪತ್ರಿಕೆ ತೊಯ್ದಿರುತ್ತಿತ್ತು. ಅದನ್ನು ಒಲೆಯ ಬಳಿ ಹಿಡಿದು, ಹಾಳೆ ಹಾಳೆಯಾಗಿ ಬಿಡಿಸುವಷ್ಟರಲ್ಲಿ ಎದುರು ಜಗಲಿಯಲ್ಲಿ ಬಸವರಾಜಪ್ಪನವರು ಓದು ಮುಗಿಸುತ್ತಿದ್ದರು. ಲಷ್ಕರ್ ಮೊಹಲ್ಲಾದಲ್ಲಿ ಜವಳಿ ಅಂಗಡಿಯಿಟ್ಟಿದ್ದ ಅವರಿಗೆ ಪ್ರಜೆಗಳನ್ನು ತಿದ್ದುವ ಯಾವ ಸಂಕಲ್ಪವೂ ಇರಲಿಲ್ಲ. ಗಟ್ಟಿಯಾಗಿ ಓದುವುದು ಅವರ ಅಭ್ಯಾಸ, ಅಷ್ಟೆ. ನನ್ನ ಶ್ರೋತೃಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು.

ಕೊನೆಗೆ ಹೊರಟವಳು ಸಾಕಮ್ಮ. "ನಿಮ್ ಪೇಪರ್ ಒಣಗೋ ಹೊತ್ಗೆ ನನ್ ಹಾಲು ಒಡ್ದೋಯ್ತದೆ ಬುದ್ಧಿ" ಎಂದು ಕ್ಯಾನು ಎತ್ತಿಕೊಂಡಳು.

ಮರುದಿನ ಚೆನ್ನಪ್ಪನವರ ಸೈಕಲ್ಲನ್ನು ಅಡ್ಡಗಟ್ಟಿದೆ. "ಚೆನ್ನಪ್ಪನವರೇ, ಒಳಗೆ ಬಂದು ಜಗಲಿಯ ಮೇಲಿಡಲು ನಿಮಗೇನು ಕಷ್ಟ?"

"ಎಲ್ ಕಾಲಿಡ್ಲಿ ಬುದ್ಧಿ? ಗೇಟಿಂದ ಜಗಲಿ ಗಂಟ ಅವ್ವಾರು ರಂಗೋಲಿ ಬುಟ್ಟವ್ರೆ. ತುಳ್ದ್ರೆ ನಂಗೆ ಒಳ್ಳೇದಾಯ್ತದಾ? ಅದ್ರ ಮ್ಯಾಲೆ ಬೀಳ್ಬಾರ್ದು ಅಂತ ಪಕ್ಕಕ್ಕೆ ಎಸೀತೀನಿ. ಪಕ್ಕದಲ್ಲಿ ಕೊಳಾಯಿ ಅದೆ."

"ಬಸವರಾಜಪ್ಪನವರ ಮನೆಗೆ?"

"ಅವ್ರು ಗೇಟ್ ತಾವ್ಲೇ ನಿಂತಿರ್ತಾರೆ. 'ಬಾರಪ್ಪ ಚೆನ್ನ, ಏನ್ ತಂದೆ' ಅಂತಾರೆ. ಎಂಗೆ ಬುದ್ಧಿ ಎಸೆಯೋದು?"

ರಂಗೋಲಿಯ ನಡುವೆ ಒಂದು ಕಾಲುದಾರಿ ಬಿಡಬೇಕೆಂದು ಅಮ್ಮನ ಮುಂದೆ ಪೂರ್ವಪಕ್ಷ, ಸಿದ್ಧಾಂತಗಳೊಡನೆ ವಾದ ಹೂಡಿದೆ. ಅಮ್ಮ ರಂಗೋಲಿ ಪುಡಿಯ ಕೈ ಕೊಡವಿ ಹೇಳಿದರು: "ಲಕ್ಷ್ಮಿ ಬರೋ ದಾರಿ ಕಣೋ ಅದು. ಪೇಪರ್ ಬೇಕಾದವನು ನೀನು. ನೀನೇ ಹೋಗಿ ಗೇಟಲ್ಲಿ ನಿಂತ್ಕೊ."

ನಿಂತೆ. "ಏನ್ರೀ, ಬೆಳಿಗ್ಗೇನೇ ಕಾವಲು?" ಎಂದು ಬಸವರಾಜಪ್ಪ ಎದುರಿನಿಂದ ನಕ್ಕರು. ಚೆನ್ನಪ್ಪ ಬಂದರು, ಇಳಿದರು, ಒಣ ಪತ್ರಿಕೆಯನ್ನು ಕೈಗಿತ್ತು ಹೋಗದೆ ನಿಂತರು. ಅವರ ದೃಷ್ಟಿ ಹಾಳೆಯ ಮೇಲಿತ್ತು. ಮೊದಲ ಸುದ್ದಿಯನ್ನು ಓದಿದೆ: ಹಳ್ಳಿಗಳಿಗೆ ವಿದ್ಯುತ್ ದೀಪ ತರುವ ಯೋಜನೆ. ಸ್ಪಷ್ಟವಾಗಿ ಓದಿದೆ, ಅದರ ರಾಷ್ಟ್ರೀಯ ಮಹತ್ವವನ್ನೂ ವಿವರಿಸಿದೆ. ಚೆನ್ನಪ್ಪ ಬಾಯಿ ತೆರೆದು ಕೇಳಿದರು. ಗೆದ್ದೆನೆಂದುಕೊಂಡೆ.

ಅವರು ನೇರವಾಗಿ ರಸ್ತೆ ದಾಟಿ ಬಸವರಾಜಪ್ಪನವರಿಂದ ಅದೇ ಸುದ್ದಿಯನ್ನು ಮತ್ತೆ ಓದಿಸಿ, ಆಗತಾನೇ ತಿಳಿದವರಂತೆ "ಆಂ! ನಿಜ್ವಾ ಯಜಮಾನ್ರೇ?" ಎಂದು ತೊಡೆ ತಟ್ಟಿದರು.

ಮರುದಿನ ತಡೆಯಲಾರದೆ ಕೇಳಿದೆ: "ಅಲ್ಲಿಯೂ ಅದೇ ಸುದ್ದಿ ತಾನೆ?"

"ಅದೇ ಬುದ್ಧಿ. ಆದ್ರೆ ಅವ್ರು ಓದ್ದಾಗ ನಮ್ಮೂರ್ ಸುದ್ದಿ ಅನ್ನಿಸ್ತದೆ. ನೀವು ಓದ್ದಾಗ ಡೆಲ್ಲೀದು ಅನ್ನಿಸ್ತದೆ."

ಅಂದಿನಿಂದ ದಿನವೂ ಗೇಟಿನಲ್ಲಿ ನಿಂತು ಪತ್ರಿಕೆಯನ್ನು ಕೈಯಲ್ಲೇ ಪಡೆದು, ಒಣ ಹಾಳೆಯನ್ನೇ ಜಗಲಿಯಲ್ಲಿ ಓದತೊಡಗಿದೆ. ಸಾಕಮ್ಮ ವಾಪಸು ಬಂದಳು, ಜಟಕಾದವರಲ್ಲಿ ಅರ್ಧ ಜನ ಬಂದರು. ಚೆನ್ನಪ್ಪ ಮಾತ್ರ ಎರಡೂ ಕಡೆ ಕೇಳಿ, ತೊಡೆಯನ್ನು ಆ ಕಡೆಯಲ್ಲೇ ತಟ್ಟಿದರು.

ಕೆಲವು ವರ್ಷಗಳ ಬಳಿಕ ಅವರ ಅಣ್ಣ ತೀರಿಕೊಂಡರು. ಅಣ್ಣನ ಮಗ ಇನ್ನೂ ಚಿಕ್ಕವನು; ಹೊಲ ನೋಡುವವರಿಲ್ಲದೆ ಚೆನ್ನಪ್ಪ ಊರಿಗೆ ಹೋದರು. ಹೊಸಬ ಪತ್ರಿಕೆಯನ್ನು ಗೇಟಿನ ಸರಳಿಗೆ ಸಿಕ್ಕಿಸಿ ತಿರುಗಿಯೂ ನೋಡದೆ ಹೋಗುತ್ತಾನೆ. ಅವನ ಮೇಲೆ ಯಾವ ದೂರೂ ಇಲ್ಲ.

ಅವರೆಕಾಯಿಯ ಕಾಲದಲ್ಲಿ ಚೆನ್ನಪ್ಪ ಒಮ್ಮೆ ಬಂದಿದ್ದರು. ನಮಗೊಂದು ಚೀಲ ಅವರೆಕಾಯಿ, ಎದುರುಮನೆಗೊಂದು. ಎದುರುಮನೆಯದೇ ದೊಡ್ಡದು, ಕಣ್ಣಳತೆಯಲ್ಲೇ ತಿಳಿಯುತ್ತಿತ್ತು.

"ಊರಿನಲ್ಲಿ ಪತ್ರಿಕೆ ಬರುತ್ತದೆಯೇ ಚೆನ್ನಪ್ಪನವರೇ?"

"ಎಲ್ ಬುದ್ಧಿ! ಬಂದ್ರೂ ಓದಿ ಹೇಳೋರ್ಯಾರು? ಲೈಟ್ ಬತ್ತದೆ ಅಂತ ಓದಿದ್ರಲ್ಲ, ಅದೇ ನಾನ್ ಕೇಳಿದ್ ಕಡೆ ಸುದ್ದಿ ಅನ್ನೋ ಅಂಗಾಗದೆ. ಲೈಟ್ ಯಾವಾಗ್ ಬತ್ತದೆ ಅಂತ ಜನ ದಿನಾ ಕೇಳ್ತಾರೆ, ಏನ್ ಹೇಳ್ಲಿ?"

ಅಂದಿನ ಪತ್ರಿಕೆ ತಂದು ಓದತೊಡಗಿದೆ. ಮಹತ್ವವನ್ನು ವಿವರಿಸಲಿಲ್ಲ. ಅವರು ಕಡೆಯ ಪುಟದವರೆಗೂ ಕದಲದೆ ಕೂತು ಕೇಳಿದರು. ಅನಂತರ ಎದ್ದು ಎದುರುಮನೆಗೆ ಹೋದರು.

ಅದೇ ಕೊನೆಯ ಭೇಟಿ. ಮರುವರ್ಷ ಅವರೆಕಾಯಿ ತಂದವನು ಅವರ ಅಣ್ಣನ ಮಗ. ಚಿಕ್ಕಪ್ಪ ಹೋಗಿಬಿಟ್ಟರೆಂಬ ಸುದ್ದಿಯನ್ನೂ ಅವನೇ ತಂದ.

ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಪತ್ರಿಕೆ ತರುವವರಿಗೆ ಓದು ಬಾರದಿದ್ದರೆ, ಅವರನ್ನು ನಿಲ್ಲಿಸಿಕೊಂಡು ಒಂದು ಸುದ್ದಿಯನ್ನಾದರೂ ಓದಿ ಹೇಳಿ.