ಒಂದು ಚೂರು ಸೇಬು

ಮೊದಲು ಕಂಡಿದ್ದು ಚಪ್ಪಲಿಯ ಗುರುತು.

ಸಂಜೆ ಅಂಗಡಿ ಮುಚ್ಚಿ ಬಂದು ನಮ್ಮವರು ಕಾಲು ತೊಳೆಯಲು ಕೂತಿದ್ದರು. ಚಪ್ಪಲಿ ಬಿಟ್ಟ ಮೇಲೂ ಅದರ ಪಟ್ಟಿ ಪಾದದ ಮೇಲೆ ಹಳ್ಳವಾಗಿ ಉಳಿದಿತ್ತು. ಬೆರಳಿಟ್ಟು ಒತ್ತಿದೆ. ಬೆರಳು ತೆಗೆದರೂ ಗುಂಡಿ ಮುಚ್ಚಲಿಲ್ಲ.

"ಇದೇನ್ರೀ ಇದು?"

"ದಿನವೆಲ್ಲ ನಿಂತೇ ಇರ್ತೀನಲ್ಲ, ಉಷ್ಣ ಕಣಮ್ಮಿ. ಒಸಿ ಕಲ್ಲಂಗಡಿ ತಿಂದ್ರೆ ಇಳ್ದೋಯ್ತದೆ ಬುಡು" ಅಂದರು.

ನಾನೂ ಬಿಟ್ಟೆ. ಯಾಕೆ ಬಿಡಬಾರದು? ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಪಕ್ಕ ನಮ್ಮದು ಹಣ್ಣಿನ ಅಂಗಡಿ. ಯಾವ ಕಾಯಿಲೆಗೆ ಯಾವ ಹಣ್ಣು ಅಂತ ನಮ್ಮ ಯಜಮಾನರು ಮಾದಪ್ಪನವರನ್ನು ಕೇಳಿ ತಿಳಿದುಕೊಳ್ಳದ ಮನೆ ಆ ಬೀದಿಯಲ್ಲಿ ಇರಲಿಲ್ಲ. ಆಸ್ಪತ್ರೆಗೆ ರೋಗಿ ನೋಡಲು ಹೋಗುವವರು ನಮ್ಮಲ್ಲಿ ನಿಂತೇ ಹೋಗಬೇಕು. ಇವರು ಕಾಯಿಲೆ ಏನು ಅಂತ ಮೊದಲು ಕೇಳುತ್ತಿದ್ದರು, ಆಮೇಲೆ ತಕ್ಕಡಿ ಎತ್ತುತ್ತಿದ್ದರು. ಭೇದಿಗೆ ದಾಳಿಂಬೆ, ಮಲಬದ್ಧತೆಗೆ ಪಚ್ಚಬಾಳೆ, ರಕ್ತ ಕಡಿಮೆ ಇದ್ದರೆ ಅಂಜೂರ, ಸಕ್ಕರೆ ಕಾಯಿಲೆಗೆ ನೇರಳೆ, ಕಣ್ಣಿಗೆ ಪರಂಗಿ. ಪೇಪರಿನಲ್ಲಿ ಬಂದ ಹಣ್ಣಿನ ಗುಣಗಳನ್ನೆಲ್ಲ ಕತ್ತರಿಸಿ ಅಂಗಡಿಯ ಹಲಗೆಗೆ ಅಂಟಿಸಿದ್ದರು. ವಯನಾಡಿಗೆ ಹೋಗುವ ಕಾರಿನವರು ನೇಂದ್ರ ಬಾಳೆ ಕೇಳಿದರೆ ಅವರಿಗೂ ಅರ್ಧಂಬರ್ಧ ಮಲಯಾಳದಲ್ಲಿ ಇದೇ ಪಾಠ.

ಒಂದು ಹಣ್ಣನ್ನು ಮಾತ್ರ ಇವರು ಹೊಗಳಿದ್ದಿಲ್ಲ. ಸೇಬು. "ಎಲ್ಲಿಂದ್ಲೋ ಬಂದಿರೋ, ಮೇಣ ಬಳ್ದಿರೋ ಹಣ್ಣು. ಇತ್ತಲ ಗಿಡ ಮದ್ದಲ್ಲ ಅಂತ ಜನ ಅದ್ಕೇ ಬಾಯ್ ಬುಡ್ತಾರೆ" ಅಂತ ಬೈದುಕೊಂಡೇ ತೂಗುತ್ತಿದ್ದರು.

ಬಿಪಿ ಇತ್ತು. ಮಾತ್ರೆಯೂ ಇತ್ತು. ಆದರೆ ಮಾತ್ರೆ ಉಷ್ಣ, ಹಣ್ಣು ತಂಪು ಅನ್ನುವುದು ಇವರ ಲೆಕ್ಕ. ಡಬ್ಬಿಯಲ್ಲಿ ಮಾತ್ರೆ ಹಳೆಯದಾಗುತ್ತಿತ್ತು. ಯಾರಾದರೂ ಕೇಳಿದರೆ "ಊಟ ಬಲ್ಲವನಿಗೆ ರೋಗವಿಲ್ಲ" ಅಂತ ಗಾದೆ ಹೇಳಿ ಬಾಯಿ ಮುಚ್ಚಿಸೋರು. ಗಾದೆ ಹೇಳುವ ಗಂಡನ ಜೊತೆ ಬಾಳುವುದು ಎಷ್ಟು ಕಷ್ಟ ಅಂತ ಯಾವ ಗಾದೆಯಲ್ಲೂ ಇಲ್ಲ.

ಊತ ಮುಖಕ್ಕೆ ಬಂತು. ಮೈ ನವೆ. ಅನ್ನದ ವಾಸನೆ ಬಂದರೆ ವಾಂತಿ. ನಾಲ್ಕು ಹೆಜ್ಜೆ ನಡೆದರೆ ಉಬ್ಬಸ. ಕೊನೆಗೆ ಕೈ ಹಿಡಿದು ಎಳೆದುಕೊಂಡೇ ಚಾಮರಾಜನಗರಕ್ಕೆ ಹೋದೆ. ಅಲ್ಲಿ ರಕ್ತ ನೋಡಿದ ಡಾಕ್ಟರ್ ರಿಪೋರ್ಟನ್ನು ಎರಡು ಸಲ ಓದಿದರು. ಆಮೇಲೆ ಇವರನ್ನು ಬಿಟ್ಟು ನನ್ನ ಮುಖ ನೋಡಿದರು.

"ಎರಡೂ ಕಿಡ್ನಿ ಹೋಗಿವೆಯಮ್ಮ."

ಆಸ್ಪತ್ರೆಯ ಹೊರಗೆ ಕಲ್ಲು ಬೆಂಚಿನ ಮೇಲೆ ಕೂತೆವು. ಇವರು ಎಳನೀರು ಬೇಕು ಅಂದರು. ನಾನೇ ಹೋಗಿ ಕೊಚ್ಚಿಸಿಕೊಂಡು ಬಂದೆ. ನಮಗೇನು ಗೊತ್ತು?

ಗೊತ್ತಾಗಿದ್ದು ಮೈಸೂರಿನಲ್ಲಿ. ಅಲ್ಲಿನ ಕಿಡ್ನಿ ಡಾಕ್ಟರ್ ವಯಸ್ಸಿನಲ್ಲಿ ಚಿಕ್ಕವರು, ಮಾತು ನಿಧಾನ. ವಾರಕ್ಕೆ ಎರಡು ಸಲ ಡಯಾಲಿಸಿಸ್, ಜೀವ ಇರುವವರೆಗೆ ಅಂದರು. ಹಣ್ಣಿನಲ್ಲಿ ಪೊಟ್ಯಾಸಿಯಂ ಅಂತ ಒಂದು ಉಪ್ಪಿದೆ, ಒಳ್ಳೆ ಕಿಡ್ನಿ ಅದನ್ನು ಮೂತ್ರದಲ್ಲಿ ಕಳಿಸಿಬಿಡುತ್ತದೆ, ಕೆಟ್ಟ ಕಿಡ್ನಿ ಕಳಿಸುವುದಿಲ್ಲ, ಅದು ರಕ್ತದಲ್ಲಿ ಸೇರಿ ಸೇರಿ ಒಂದು ದಿನ ಹೃದಯವನ್ನೇ ನಿಲ್ಲಿಸುತ್ತದೆ ಅಂದರು. ಬಾಳೆಹಣ್ಣು ಬೇಡ. ಎಳನೀರು ಬೇಡವೇ ಬೇಡ. ಕಿತ್ತಳೆ, ದಾಳಿಂಬೆ, ಸಪೋಟ, ಮಾವು ಯಾವುದೂ ಬೇಡ. ಅವರು ಹೇಳುತ್ತಾ ಹೋದಂತೆ ನನಗೆ ನಮ್ಮ ಅಂಗಡಿಯ ಒಂದೊಂದೇ ಬುಟ್ಟಿ ಕಣ್ಣಿಗೆ ಬಂತು.

"ಅಂಗಾದ್ರೆ ಯಾವ್ದ್ ತಿನ್ಲಿ ಸಾ?" ಇವರು ಕೇಳಿದರು. ದನಿ ಮಗುವಿನದಾಗಿತ್ತು.

"ಸೇಬು ತಿನ್ನಿ. ದಿನಕ್ಕೆ ಒಂದು ಚೂರು."

ಬಸ್ಸು ನಂಜನಗೂಡು ದಾಟಿತು. ಇವರು ಕಿಟಕಿ ಕಡೆ ತಿರುಗಿಕೊಂಡೇ ಅಂದರು: "ಆ ಮೇಣದ ಹಣ್ಣು ನಾನ್ ತಿನ್ನಲ್ಲ."

ಆಮೇಲಿನ ನಮ್ಮ ದಿನಗಳು ಮೈಸೂರಿನ ಬಸ್ಸಿಗೆ ಹೊಂದಿಕೊಂಡವು. ಡಯಾಲಿಸಿಸ್ ದಿನ ಅಂಗಡಿಗೆ ಬಾಗಿಲು. ಉಳಿದ ದಿನ ನಾನು ಅಂಗಡಿಯಲ್ಲಿ, ಇವರು ಜಗಲಿಯಲ್ಲಿ. ಚಂದಕವಾಡಿಗೆ ಕೊಟ್ಟಿರುವ ಮಗಳು ಎರಡು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬಂದು ಹೋಗಿ ಮಾಡುತ್ತಿದ್ದಳು. ಸೂಜಿ ಚುಚ್ಚಲು ಕೈಯಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದು ಫಿಸ್ಟುಲಾ ಮಾಡಿದರು. ಕಿವಿ ಇಟ್ಟರೆ ಒಳಗೆ ರಕ್ತ ಗುಂಯ್ ಅನ್ನುತ್ತದೆ. ಆ ಸದ್ದು ಇದೆಯಾ ಅಂತ ದಿನಾ ನೋಡಬೇಕು. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನ ಕೈಗೆ ಕಿವಿಯಿಟ್ಟು ಕೂರುವ ಭಾಗ್ಯ ಬಂತಲ್ಲ ಅಂತ ಒಮ್ಮೆ ಅಂದೆ. ಇವರು ನಕ್ಕರು. ಆ ದಿನಗಳಲ್ಲಿ ಇವರು ನಕ್ಕಿದ್ದು ಅಪರೂಪ.

ಅಡುಗೆಯೂ ತಲೆಕೆಳಗಾಯಿತು. ಆ ಪೊಟ್ಯಾಸಿಯಂ ಹೋಗಲಿ ಅಂತ ಸೊಪ್ಪು ತರಕಾರಿಯನ್ನು ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಮತ್ತೆ ಬೇಯಿಸಬೇಕು. ನಮ್ಮ ಕಡೆ ಬಸಿದ ನೀರಿನಲ್ಲೇ ತಾನೇ ಬಸ್ಸಾರು ಮಾಡುವುದು! ಅದನ್ನು ಬಚ್ಚಲಿಗೆ ಸುರಿಯಲು ಕೈ ಬರುತ್ತಿರಲಿಲ್ಲ. ಸಾರಿಲ್ಲದೆ ಮುದ್ದೆ ಹೇಗೆ ನುಂಗುವುದು? ಇವರು ತಟ್ಟೆ ಮುಂದೆ ಸುಮ್ಮನೆ ಕೂರುತ್ತಿದ್ದರು. ನೀರಿಗೂ ಅಳತೆ. ಕಾಫಿ ಕುಡಿದರೆ ಅದೂ ಲೆಕ್ಕಕ್ಕೆ.

ಇದರ ಮೇಲೆ ನೋಡಲು ಬರುವವರು. ರೋಗಿಯನ್ನು ಬರಿಗೈಲಿ ನೋಡಬಾರದು ಅನ್ನುವುದು ನಮ್ಮವರ ಧರ್ಮ. ಹಣ್ಣಿನ ಅಂಗಡಿಯವನ ಮನೆಗೂ ಹಣ್ಣೇ. ಕೆಲವರು ನಮ್ಮ ಅಂಗಡಿಯಲ್ಲೇ ನನ್ನ ಕೈಯಿಂದಲೇ ಕೊಂಡು ನಮ್ಮ ಮನೆಗೇ ತಲುಪಿಸಿ ಹೋಗೋರು. ಅದೇ ಬಾಳೆ ಚಿಪ್ಪನ್ನು ಬೆಳಿಗ್ಗೆ ನಾನು ಮತ್ತೆ ಅಂಗಡಿಗೆ ಹೊತ್ತು ತಂದು ಇನ್ನೊಬ್ಬರಿಗೆ ಮಾರುತ್ತಿದ್ದೆ. ಒಂದು ಚಿಪ್ಪು ಏಲಕ್ಕಿ ಬಾಳೆ ಹೀಗೆ ಹೋಗಿ ಬಂದು ಕಪ್ಪಾಗಿದ್ದೂ ಉಂಟು. ಹಣ್ಣಿನ ಜೊತೆ ಮಾತು ಬೇರೆ. ದ್ರಾಕ್ಷಿ ತಿನ್ನಿಸು, ಬೆಟ್ಟದ ನೆಲ್ಲಿ ತಿನ್ನಿಸು, ನಮ್ಮ ಭಾವನ ಕಡೆಯವರಿಗೆ ಅದರಲ್ಲೇ ವಾಸಿಯಾಯಿತು. ಮೊದಮೊದಲು ಪೊಟ್ಯಾಸಿಯಂ ಅಂತ ವಿವರಿಸುತ್ತಿದ್ದೆ. ಆಮೇಲೆ ಸಾಕಾಯಿತು. "ಆಗ್ಲಿ, ಆಗ್ಲಿ" ಅನ್ನುತ್ತಿದ್ದೆ.

ಎಲ್ಲರಿಗೂ "ಆಗ್ಲಿ" ಅನ್ನಬಹುದು, ಅತ್ತಿಗೆಗೆ ಅನ್ನಲಾಗದು. ಅತ್ತಿಗೆ ಅಂದರೆ ನಮ್ಮವರ ಅಕ್ಕ, ಚಿಕ್ಕತಾಯಮ್ಮ. ಉಡಿಗಾಲದಲ್ಲಿ ಬಾಳೆತೋಟ ಇದೆ. ತಾಯಿ ಸತ್ತ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರೇ. ಇವರ ಅಪ್ಪನಿಗೆ ಕಿಡ್ನಿಯಲ್ಲಿ ಕಲ್ಲಾಗಿ, ಬಾಳೆದಿಂಡಿನ ರಸ ಕುಡಿದ ಮೇಲೆ ಕಲ್ಲು ಬಿದ್ದುಹೋಗಿತ್ತಂತೆ. ಅತ್ತಿಗೆಗೆ ಅದೇ ವೇದ.

"ಅಪ್ಪಂಗೆ ವಾಸಿ ಆದದ್ದು ಮಗಂಗ್ ಆಗಾಕಿಲ್ವ ಕಣಮ್ಮಿ ರತ್ನ?" ಅನ್ನೋರು.

"ಅದು ಕಲ್ಲು ಅತ್ತಿಗೆ, ಇದು ಬೇರೆ. ಡಾಕ್ಟ್ರು ಬೇಡ ಅಂದವ್ರೆ."

"ಅವ್ರೇನು ದಿಂಡು ಕಂಡವ್ರಾ?"

ಒಂದು ದಿನ ಮಧ್ಯಾಹ್ನ ಊಟಕ್ಕೆ ಅಂಗಡಿಯಿಂದ ಮನೆಗೆ ಬಂದೆ. ಅತ್ತಿಗೆ ಬೆಳಿಗ್ಗೆಯೇ ಬಂದಿದ್ದರಂತೆ. ಅಂಗಳದಲ್ಲಿ ಎಳನೀರಿನ ಬುರುಡೆ ಬಿದ್ದಿತ್ತು. ಪಕ್ಕದಲ್ಲಿ ಬಾಳೆಹಣ್ಣಿನ ಸಿಪ್ಪೆ. ಒರಳಿನ ಬಳಿ ದಿಂಡಿನ ನಾರು.

ಚಪ್ಪಲಿ ಬಿಡದೆ ಜಗಲಿಗೆ ಓಡಿದೆ.

ಇವರು ಜಗಲಿಯಲ್ಲಿ ಮಲಗಿದ್ದರು. ಮುಖ ಬಿಳಿಚಿಕೊಂಡಿತ್ತು. "ಕಾಲ್ ಎತ್ತಾಕಾಯ್ತಾ ಇಲ್ಲ ಕಣಮ್ಮಿ" ಅಂದರು, ನಾಲಿಗೆ ತೊದಲುತ್ತಿತ್ತು. ಅತ್ತಿಗೆ ಕಾಲು ನೀವುತ್ತಾ ಕೂತಿದ್ದರು. "ಸುಸ್ತು ಅಷ್ಟೆ ಕಣಮ್ಮಿ, ಇನ್ನೊಸಿ ರಸ ಕುಡುದ್ರೆ ಎದ್ ಕುಂತ್ಕತಾನೆ" ಅಂದರು. ಪಕ್ಕದ ಬೀದಿಯ ಓಮ್ನಿ ವ್ಯಾನ್ ಕರೆಸಿ ಇವರನ್ನು ಎತ್ತಿ ಮಲಗಿಸಿದೆವು. ಬೇಗೂರು, ನಂಜನಗೂಡು, ಮೈಸೂರು. ದಾರಿಯುದ್ದಕ್ಕೂ ಇವರ ಪಾದ ಅತ್ತಿಗೆಯ ಮಡಿಲಲ್ಲಿ, ತಲೆ ನನ್ನ ಮಡಿಲಲ್ಲಿ. ನಾನು ಮಾದಪ್ಪನ ಬೆಟ್ಟದ ದೇವರಿಗೆ ಹರಕೆ ಹೊತ್ತೆ. ಅತ್ತಿಗೆಯೂ ಏನೋ ಹೊತ್ತಿರಬೇಕು, ತುಟಿ ಅಲುಗುತ್ತಿತ್ತು.

ಇಸಿಜಿ ಹಾಳೆ ನೋಡಿದ ಡಾಕ್ಟರ್ ಓಡಿದರು. ನಿಧಾನ ಮಾತಿನ ಆ ಮನುಷ್ಯ ಓಡಿದ್ದನ್ನು ನಾನು ಅವತ್ತೇ ಕಂಡಿದ್ದು. ಇಂಜೆಕ್ಷನ್ ಕೊಟ್ಟರು, ಮಂಚ ಸಮೇತ ಡಯಾಲಿಸಿಸ್ ರೂಮಿಗೆ ತಳ್ಳಿದರು. ಆಮೇಲೆ ಹೊರಗೆ ಬಂದು ಏನು ತಿಂದರು ಅಂತ ಕೇಳಿದರು.

ಅತ್ತಿಗೆಯೇ ಮುಂದೆ ಬಂದರು. ಕೈ ಮುಗಿದುಕೊಂಡು ಹೇಳಿದರು: "ಎಲ್ಲಾ ಒಳ್ಳೇದೇ ಕೊಟ್ಟಿವ್ನಿ ಸಾ. ದಿಂಡಿನ್ ರಸ, ಏಲಕ್ಕಿ ಬಾಳೆ, ಎಳ್ನೀರು. ನಮ್ ತೋಟದ್ದೇ. ಔಸ್ದಿ ಒಡ್ದಿಲ್ಲ, ಏನಿಲ್ಲ."

ಡಾಕ್ಟರ್ ಬೈಯಲಿಲ್ಲ. "ಅದೇ ಅಮ್ಮ, ಅದರಿಂದಲೇ ಹೃದಯ ನಿಲ್ಲೋದರಲ್ಲಿತ್ತು" ಅಂದರು, ಅಷ್ಟೇ.

ಬೈದಿದ್ದು ನಾನು. ಅಷ್ಟು ದಿನದ ಬಸ್ಸು, ಬಸಿದು ಚೆಲ್ಲಿದ ನೀರು, ಅಳೆದು ಕೊಟ್ಟ ಕಾಫಿ, ಎಲ್ಲ ಬಾಯಿಗೆ ಬಂತು. "ನಿಮ್ ತಮ್ಮನ್ನ ನೀವೇ ಕೊಂದ್ಬುಡ್ತಿದ್ರಲ್ಲ ಅತ್ತಿಗೆ" ಅಂದೆ. ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇವರಿಗೆ ಎಚ್ಚರ ಬಂತು ಅಂತ ನರ್ಸ್ ಹೇಳುವವರೆಗೆ ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದರು. ಆಮೇಲೆ ಸೆರಗು ಹೊದ್ದು ಒಬ್ಬರೇ ಬಸ್ ಸ್ಟ್ಯಾಂಡಿನ ಕಡೆ ಹೋದರು.

ಬದುಕಿ ಬಂದರು ಇವರು. ಅತ್ತಿಗೆ ಆಮೇಲೆ ನಮ್ಮ ಮನೆಗೆ ಬರಲಿಲ್ಲ.

ನನ್ನ ಕೋಪ ಇಳಿಯಲಿಲ್ಲ. ಇಳಿಸಿಕೊಳ್ಳಲು ಪುರುಸೊತ್ತೂ ಇರಲಿಲ್ಲ. ಒಂದು ದಿನ ಡಯಾಲಿಸಿಸ್ ಮುಗಿಸಿ ಬಸ್ಸಿನಲ್ಲಿ ಬರುತ್ತಾ ಇವರೇ ಬಾಯಿಬಿಟ್ಟರು.

"ಅಕ್ಕ ತಾನಾಗಿ ಕೊಡ್ನಿಲ್ಲ ಕಣಮ್ಮಿ. ಬೈತಾಳೆ ರತ್ನ, ಬ್ಯಾಡ ಕಣ್ಲಾ ಅಂದ್ಲು. ನಾನೇ ಬೇಡ್ಕಂಡೆ."

"ಯಾಕ್ರೀ?"

"ಸೂಜಿ ತಪ್ತದೇನೋ ಅಂತ. ಇಷ್ಟ್ ವರ್ಸ ಊರ್‌ಗೆಲ್ಲ ಏಳಿವ್ನಿ, ಹಣ್ಣಲ್ಲಿ ವಾಸಿ ಆಯ್ತದೆ ಅಂತ. ನಂಗೊಬ್ಬಂಗೆ ಆಗಾಕಿಲ್ವಾ?"

ನಾನು ಕಿಟಕಿಯಿಂದಾಚೆ ನೋಡಿದೆ. ಅಳು ಬಂತು. ಈ ಮನುಷ್ಯ ವ್ಯಾಪಾರಕ್ಕೆ ಹೇಳುತ್ತಾನೆ ಅಂದುಕೊಂಡಿದ್ದೆ. ನಂಬಿಯೇ ಹೇಳುತ್ತಿದ್ದ.

ಉಡಿಗಾಲದಲ್ಲಿ ಅತ್ತಿಗೆಯ ಪಕ್ಕದ ಮನೆಗೆ ಫೋನಿತ್ತು. ಮಾಡಿದೆ. ಅತ್ತಿಗೆ ಬಂದು ರಿಸೀವರ್ ಹಿಡಿದರು, ಉಸಿರು ಮಾತ್ರ ಕೇಳಿಸುತ್ತಿತ್ತು. "ನಿಮ್ ತಮ್ಮ ನೆನುಸ್ಕತಾವ್ರೆ, ಬನ್ನಿ" ಅಂದೆ.

"ಏನ್ ತರ್‍ಲಮ್ಮಿ?"

"ಏನೂ ತರಬ್ಯಾಡಿ."

ಬಂದೇ ಬಿಡುತ್ತಾರೆ ಅಂದುಕೊಂಡೆ. ವಾರ ಕಳೆಯಿತು, ಬರಲಿಲ್ಲ. ಇನ್ನೂ ಒಂದು ವಾರ. ಕೋಪ ಇರಬೇಕು, ಇದ್ದರೆ ಇರಲಿ ಅಂತ ನಾನೂ ಸುಮ್ಮನಾದೆ. ಒಳಗೊಳಗೆ ಹಿಂಸೆಯಾಗುತ್ತಿತ್ತು.

ಒಂದು ಭಾನುವಾರ ಅಂಗಳದಲ್ಲಿ ನೆರಳು ಕಂಡಿತು. ಅತ್ತಿಗೆ ನಿಂತಿದ್ದರು. ಹೊಸ್ತಿಲು ದಾಟಿರಲಿಲ್ಲ. ಸೊರಗಿದ್ದರು. ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡಿದ್ದರು.

"ಯಾಕ್ ಅಲ್ಲೇ ನಿಂತ್ರಿ ಅತ್ತಿಗೆ, ಒಳೀಕ್ ಬನ್ನಿ."

"ಎರಡ್ ಸಲ ಬಸ್ ಸ್ಟಾಪ್‌ಗಂಟ ಬಂದು ವಾಪಸ್ ಓದೆ ಕಣಮ್ಮಿ" ಅಂದರು. ಸೆರಗಿನಿಂದ ಕೈ ತೆಗೆದು ಎರಡೂ ಅಂಗೈ ನನ್ನ ಮುಂದೆ ಚಾಚಿದರು. "ಬರೀ ಕೈಲಿ ಬಂದಿವ್ನಿ. ಎಂಗ್ ಒಳೀಕ್ ಬರ್‍ಲಿ?"

ಆ ಅಂಗೈ ನೋಡಲಾಗಲಿಲ್ಲ ನನಗೆ. ಬಾಳೆ ಕರೆ ಹತ್ತಿ ಹತ್ತಿ ಕಪ್ಪಾದ ಗೆರೆಗಳು. ಎರಡೂ ಕೈ ಹಿಡಿದು ಒಳಗೆ ಎಳೆದುಕೊಂಡೆ. "ನಾನ್ ಅವತ್ತು ಆಡ್ದ ಮಾತು" ಅಂತ ಶುರು ಮಾಡಿದೆ. "ಬುಡಮ್ಮಿ, ನಿಜ ತಾನೆ ಅಂದದ್ದು" ಅಂತ ಅವರೇ ನಿಲ್ಲಿಸಿದರು. ಇಬ್ಬರೂ ಅತ್ತೆವು. ಒಳಕೋಣೆಯಿಂದ ಇವರು ಕೂಗಿದರು: "ಅಲ್ಲೇನ್ ನಾಟ್ಕ? ಅಕ್ಕನ್ನ ಇಲ್ಲಿಗ್ ಕಳ್ಸು."

ಸುಳ್ಳು ಹೇಳುವುದಿಲ್ಲ, ಇವರು ವಾಸಿಯಾಗಿಲ್ಲ. ಆಗುವ ಕಾಯಿಲೆ ಅಲ್ಲ ಇದು. ನಾಡಿದ್ದು ಮತ್ತೆ ಮೈಸೂರಿನ ಬಸ್ಸು ಹತ್ತಬೇಕು. ಸೂಜಿ, ನವೆ, ಅಳತೆಯ ನೀರು ಎಲ್ಲ ಇದ್ದೇ ಇದೆ. ನನಗೂ ಸೊಂಟ ಬಿದ್ದುಹೋಗಿದೆ. ಆದರೆ ಈಗ ಇವರು ಸಂಜೆ ಹೊತ್ತು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ಹಲಗೆಯ ಪೇಪರುಗಳನ್ನು ಕಿತ್ತಿಲ್ಲ. ಕಿಡ್ನಿ ಕಾಯಿಲೆಯವರಿಗೆ ಯಾವ ಹಣ್ಣು ಅಂತ ಯಾರಾದರೂ ಕೇಳಿದರೆ ಮಾತ್ರ, "ಮೊದ್ಲು ಡಾಕ್ಟ್ರನ್ನ ಕೇಳ್ಕಂಡ್ ಬಾ, ಓಗು" ಅನ್ನುತ್ತಾರೆ.

ಅತ್ತಿಗೆ ಬಂದ ಆ ಭಾನುವಾರ ಅಂಗಡಿಯಿಂದ ತಂದಿದ್ದ ಒಂದು ಸೇಬನ್ನು ತೊಳೆದು ಸಿಪ್ಪೆ ಹೆರೆದೆ. ಒಂದು ಚೂರು ಇವರಿಗೆ, ಉಳಿದದ್ದು ನಮಗಿಬ್ಬರಿಗೆ. ಅಷ್ಟು ದಿನ ಮುಟ್ಟದೆ ಮುಖ ತಿರುಗಿಸುತ್ತಿದ್ದವರು, ಅಕ್ಕ ನೋಡುತ್ತಿದ್ದಾಳೆ ಅಂತಲೋ ಏನೋ, ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು.

"ಎಂಗದೆ?" ಅತ್ತಿಗೆ ಕೇಳಿದರು.

"ಏನೂ ರುಚಿಯಿಲ್ಲ" ಅಂದರು. ಅನ್ನುತ್ತಲೇ ತಟ್ಟೆಯ ಕಡೆ ಕೈ ಚಾಚಿದರು. "ಇನ್ನೊಂದ್ ಚೂರ್ ಕೊಡಕ್ಕ."

ಅತ್ತಿಗೆ ಇವರನ್ನು ನೋಡಿದರು, ನನ್ನನ್ನು ನೋಡಿದರು. ಕಣ್ಣು ತುಂಬಿತ್ತು. ತಟ್ಟೆಯ ಮೇಲೆ ತಮ್ಮ ಎರಡೂ ಕೈ ಮುಚ್ಚಿದರು.

"ನಾಳೆ ಕಣ್ಲಾ ಮಾದು" ಅಂದರು. "ನಾಳೆ ತಿಂದೀಯಂತೆ."