ಮತ್ತಿನ ಡಾಕ್ಟರ ಧೈರ್ಯ

ಅವರ ಎಡಗಿವಿಯಲ್ಲಿ ಸದಾ ಒಂದು ಕೆಂಪು ಗುರುತಿರುತ್ತಿತ್ತು. ರೋಗಿಯ ಎದೆಗೆ ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಪ್ಲಾಸ್ಟರಿನಿಂದ ಅಂಟಿಸಿ, ಮಾರುದ್ದದ ರಬ್ಬರ್ ಕೊಳವೆಯ ತುದಿಯನ್ನು ಆ ಕಿವಿಗೆ ಸಿಕ್ಕಿಸಿಕೊಂಡರೆ ಆಪರೇಷನ್ ಮುಗಿಯುವವರೆಗೂ ತೆಗೆಯುತ್ತಿರಲಿಲ್ಲ. ಏನಾದರೂ ಹೇಳಬೇಕಿದ್ದರೆ ಬಲಗಡೆಗೆ ಹೋಗಿ ಹೇಳಬೇಕು.

ಎಪ್ಪತ್ತರ ದಶಕದ ಕೊನೆ. ತರೀಕೆರೆಯ ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ನರ್ಸು. ಅವರು ಕಡೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಅರಿವಳಿಕೆ ವೈದ್ಯರು. ಜನರ ಬಾಯಲ್ಲಿ ಮತ್ತಿನ ಡಾಕ್ಟ್ರು. ಹಿಂದೆ ದೊಡ್ಡ ಊರಿನಲ್ಲಿ ಹೃದಯದ ಆಪರೇಷನ್‌ಗಳಿಗೇ ಮತ್ತು ಕೊಟ್ಟವರು. ಅಲ್ಲಿ ಎದೆಬಡಿತ ಪರದೆಯ ಮೇಲೆ ಓಡುತ್ತಿತ್ತಂತೆ. ನಮ್ಮಲ್ಲಿ ಆ ಯಂತ್ರವಿರಲಿಲ್ಲ. ನಾಡಿಯ ಮೇಲೆ ಬೆರಳು, ಉಗುರು ತುಟಿಗಳ ಬಣ್ಣದ ಮೇಲೆ ಕಣ್ಣು, ಕಿವಿಯಲ್ಲಿ ಬಡಿತ, ಇಷ್ಟೇ.

ಏನಾದರೂ ತಿಂದಿದ್ದೀಯಾ ಎಂದು ಅವರು ರೋಗಿಯನ್ನು ಎಂದೂ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಇಲ್ಲವೆನ್ನುತ್ತಾರೆ ಎನ್ನುವರು. ‘ಸಾರು ಚೆನ್ನಾಗಿತ್ತಾ?’ ಎಂದು ವಿಚಾರಿಸುವರು.

ಅಜ್ಜಂಪುರದ ನನ್ನ ಅಕ್ಕನಿಗೆ ಚಿಕ್ಕಂದಿನ ಜ್ವರವೊಂದರಿಂದ ಹೃದಯದ ಕವಾಟ ಕಿರಿದಾಗಿತ್ತು. ಅವಳ ಗರ್ಭಕೋಶದ ಗೆಡ್ಡೆ ತೆಗೆಸಲೇಬೇಕಾಯಿತು. ಇಂಥ ಹೃದಯಕ್ಕೆ ಬೆನ್ನಿನ ಇಂಜೆಕ್ಷನ್ ಬೇಡ, ಬಿಪಿ ದಿಢೀರನೆ ಬೀಳುತ್ತದೆ, ಪೂರ್ತಿ ಮತ್ತು ಕೊಟ್ಟು ನಾನು ಕಾಯುತ್ತೇನೆ ಎಂದು ಅವರು ಒಪ್ಪಿಕೊಂಡರು. ಹೊಟ್ಟೆ ಮಾತ್ರ ಖಾಲಿಯಿರಬೇಕು. ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕಿಳಿದರೆ ಜೀವ ಹೋಗಬಹುದು. ಇದನ್ನು ದಿನಾ ಮಂದಿಗೆ ಹೇಳುತ್ತಿದ್ದವಳೇ ನಾನು. ಆದರೆ ಆಪರೇಷನ್ನಿನ ದಿನ ಬೆಳಿಗ್ಗೆ ಅಮ್ಮ, ಮಗಳನ್ನು ಬರೀ ಹೊಟ್ಟೆಯಲ್ಲಿ ಕಳಿಸುವುದುಂಟೇ ಎಂದು ಅಳುತ್ತಾ ಮೊಸರನ್ನ ತಿನ್ನಿಸಿದಳು. ಇದೇ ಕೊನೆಯ ತುತ್ತೇನೋ ಎಂಬ ಭಯಕ್ಕೆ ನಾನು ತಡೆಯಲಿಲ್ಲ. ಕೇಸ್ ಶೀಟಿನಲ್ಲಿ ‘ಖಾಲಿ ಹೊಟ್ಟೆ’ ಎಂದು ಬರೆದೆ. ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಟೇಬಲ್ ಮೇಲೆ ಮಲಗಿದ್ದ ಅಕ್ಕನನ್ನು ಅವರು ಎಂದಿನಂತೆ ಸಾರಿನ ಬಗ್ಗೆ ಕೇಳಿದರು.

‘ಸಾರೆಲ್ಲಿ ಡಾಕ್ಟ್ರೇ, ಎರಡು ತುತ್ತು ಮೊಸರನ್ನ ಅಷ್ಟೇ,’ ಎಂದಳು ಅಕ್ಕ.

ಕೈ ತೊಳೆದುಕೊಂಡು ಒಳಬಂದ ಸರ್ಜನ್ನರಿಗೆ ಅದು ಕೇಳಿಸಿರಲಿಲ್ಲ. ಡಾಕ್ಟರು ನನ್ನ ಮುಖ ನೋಡಿದರು. ನಿಜ ಹೊರಬಿದ್ದರೆ ನನ್ನ ಕೆಲಸ ಅಂದೇ ಹೋಗುತ್ತಿತ್ತು. ಅವರು ಕೊಳವೆ ಸುತ್ತಿಟ್ಟು, ‘ಹಾರ್ಟ್ ಕೇಸು ಸಾರ್. ಇವತ್ತು ನಂಗೆ ಧೈರ್ಯ ಸಾಲ್ತಿಲ್ಲ. ನಾಳೆ ಮಾಡೋಣ,’ ಎಂದರು. ಎಲ್ಲರೆದುರು ಬೈಸಿಕೊಂಡರು. ಆಮೇಲೆ ಹೊರಗೆ ನನ್ನನ್ನು ಕರೆದರು.

‘ನೀನು ಹೆದರಿದ್ದಕ್ಕೆ ಬೈಯಲ್ಲ ಕಣಮ್ಮ. ಆದ್ರೆ ನಿಮ್ಮಕ್ಕಂಗೆ ಎಚ್ಚರ ತಪ್ಪಿದ್ಮೇಲೆ ಅವಳ ಪರವಾಗಿ ಮಾತಾಡೋರು ನಾವಿಬ್ರೇ ಅಲ್ವಾ?’

ಮರುದಿನ ಆಪರೇಷನ್ ನಡೆದ ಎರಡೂವರೆ ಗಂಟೆಯೂ ಅವರು ಸ್ಟೂಲಿನ ಮೇಲೆ ಕೂರಲಿಲ್ಲ. ಅಕ್ಕ ಕಣ್ಣು ಬಿಟ್ಟಳು.

ಆದರೆ ಹಾರ್ಟ್ ಎಂದರೆ ಮತ್ತಿನ ಡಾಕ್ಟ್ರಿಗೆ ನಡುಕ ಎಂಬ ಮಾತು ಹಬ್ಬಿತು. ಸರ್ಜನ್ನರು ದೊಡ್ಡ ಕೇಸುಗಳಿಗೆ ಬೇರೆಯವರನ್ನು ಕರೆಸತೊಡಗಿದರು. ಇವರು ಹರ್ನಿಯಾ, ಅಪೆಂಡಿಕ್ಸುಗಳಿಗೆ ಅಷ್ಟೇ ಶ್ರದ್ಧೆಯಿಂದ ಬರುತ್ತಲೇ ಇದ್ದರು. ಅವರ ಮಾನ ಹೋಗುತ್ತಿದ್ದರೂ ನಾನು ಬಾಯಿ ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಕಡೂರಿನ ಮನೆಯಲ್ಲಿ ಹೆಣದ ಪಕ್ಕ ನಿಂತು ಸರ್ಜನ್ನರು, ‘ಒಳ್ಳೇ ಕೈ. ಎದೆಗಾರಿಕೆ ಒಂದಿರ್ಲಿಲ್ಲ ಪಾಪ,’ ಎಂದು ಯಾರಿಗೋ ಹೇಳಿದರು. ನನಗೆ ತಡೆಯಲಾಗಲಿಲ್ಲ. ಮೊಸರನ್ನದಿಂದ ಹಿಡಿದು ಎಲ್ಲವನ್ನೂ ಅಲ್ಲೇ ಹೇಳಿದೆ.

‘ಹೆದರಿದ್ದೋಳು ನಾನು ಸಾರ್. ಅವರಲ್ಲ.’

ಸರ್ಜನ್ನರು ಅಕ್ಕನ ಬಗ್ಗೆ ವಿಚಾರಿಸಿದರು.

ಅಂಗಳದಲ್ಲಿ ಹಾರ ಹಿಡಿದು ನಿಂತಿದ್ದವಳನ್ನು ತೋರಿಸಿದೆ.